ಸಿನಿಮಾ ಕೈಬಿಟ್ಟಿತು, ಸಂಗೀತ ಕೈಹಿಡಿಯಿತು: ಜಾನ್ ಕಾರ್ಪೆಂಟರ್ ಕಥೆ

1978ನೇ ಇಸವಿ. ಅಮೆರಿಕದಲ್ಲಿ ಮೂವತ್ತು ವರ್ಷದ ನಿರ್ದೇಶಕರೊಬ್ಬರು ತಮ್ಮ ಹೊಸ ಸಿನಿಮಾವನ್ನು ದೊಡ್ಡ ಸ್ಟುಡಿಯೋ ಒಂದರ ಅಧಿಕಾರಿ ಹೆಂಗಸಿಗೆ ತೋರಿಸಿದರು. ಶೂಟಿಂಗ್ ಮುಗಿದಿತ್ತು, ಎಡಿಟಿಂಗ್ ಮುಗಿದಿತ್ತು. ಹಿನ್ನೆಲೆ ಸಂಗೀತ ಮತ್ತು ಇತರ ಸದ್ದುಗಳನ್ನು ಮಾತ್ರ ಇನ್ನೂ ಸೇರಿಸಿರಲಿಲ್ಲ. ಅದು ಮುಖವಾಡ ಹಾಕಿಕೊಂಡ ಕೊಲೆಗಾರನ ಕಥೆ. ನೋಡಿದವರು ಹೆದರಿ ನಡುಗಬೇಕು. ಆ ಅಧಿಕಾರಿಗೆ ಮಾತ್ರ ಒಂಚೂರೂ ಭಯವಾಗಲಿಲ್ಲ.

ನಿರ್ದೇಶಕರು ಒಂದೇ ಒಂದು ದೃಶ್ಯವನ್ನೂ ಬದಲಾಯಿಸಲಿಲ್ಲ. ತಾವೇ ಕೀಬೋರ್ಡ್ ಮುಂದೆ ಕೂತು ಸಂಗೀತ ಮಾಡಿದರು. ಕೆಲವು ತಿಂಗಳ ನಂತರ ಅದೇ ಅಧಿಕಾರಿ ಮತ್ತೆ ಸಿಕ್ಕಾಗ, ಆಕೆಗೂ ಆ ಸಿನಿಮಾ ತುಂಬಾ ಹಿಡಿಸಿಬಿಟ್ಟಿತ್ತು. ನಡುವೆ ಆಗಿದ್ದ ಬದಲಾವಣೆ ಸಂಗೀತ ಸೇರಿದ್ದಷ್ಟೇ. ಈ ಪ್ರಸಂಗವನ್ನು ಬರೆದಿಟ್ಟವರು ಸ್ವತಃ ಆ ನಿರ್ದೇಶಕರು. ಹೆಸರು ಜಾನ್ ಕಾರ್ಪೆಂಟರ್. ಸಿನಿಮಾ 'ಹ್ಯಾಲೋವೀನ್'.

ಕಾರ್ಪೆಂಟರ್ ಅಂದರೆ ಬಡಗಿ. ಹೆಸರಿಗೆ ತಕ್ಕ ಹಾಗೆ ಇವರು ಮರ ತರುವುದರಿಂದ ಹಿಡಿದು ಪಾಲಿಶ್ ಹೊಡೆಯುವವರೆಗೆ ಎಲ್ಲವನ್ನೂ ತಾವೇ ಮಾಡುವ ಪೈಕಿ. ಕಥೆ ಬರೆದರು, ನಿರ್ದೇಶನ ಮಾಡಿದರು, ಎಡಿಟಿಂಗ್ ಮಾಡಿದರು, ಸಂಗೀತವನ್ನೂ ಕಟ್ಟಿದರು. ಜಗತ್ತಿನ ಹಾರರ್ ಸಿನಿಮಾ ಪ್ರಿಯರಿಗೆ ಇವರು ದೊಡ್ಡ ಗುರು. ಆದರೆ ಇವರ ಬದುಕು ಗೆಲುವಿನ ಮೇಲೆ ಗೆಲುವಿನ ಕಥೆಯಲ್ಲ. ಇವರ ಅತ್ಯುತ್ತಮ ಸಿನಿಮಾವನ್ನೇ ಜನ ತಿರಸ್ಕರಿಸಿದರು, ಸ್ಟುಡಿಯೋ ಕೆಲಸ ಕಿತ್ತುಕೊಂಡಿತು. ದುಡ್ಡಿಲ್ಲ ಅಂತ ಕಲಿತ ವಿದ್ಯೆ ಕೊನೆಗೆ ಇವರನ್ನು ಹೇಗೆ ಕಾಪಾಡಿತು ಅನ್ನುವುದೇ ಈ ಇತಿಹಾಸದ ಮುಖ್ಯ ಪಾಠ.

ಮೇಷ್ಟರ ಮಗ

ಕಾರ್ಪೆಂಟರ್ ಹುಟ್ಟಿದ್ದು 1948ರ ಜನವರಿ 16ರಂದು, ನ್ಯೂಯಾರ್ಕ್ ರಾಜ್ಯದ ಕಾರ್ತೇಜ್ ಅನ್ನುವ ಸಣ್ಣ ಊರಲ್ಲಿ. 1953ರಲ್ಲಿ ಕುಟುಂಬ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಊರಿಗೆ ಬಂತು. ತಂದೆ ಹೋವರ್ಡ್ ಅಲ್ಲಿನ ಕಾಲೇಜಿನಲ್ಲಿ ಸಂಗೀತದ ಮೇಷ್ಟರು, ಒಳ್ಳೆಯ ಪಿಟೀಲು ವಾದಕರು. ಮಗನಿಗೂ ಪಿಟೀಲು ಕಲಿಸಲು ನೋಡಿದರು, ಅದು ಹತ್ತಲಿಲ್ಲ. ಆಮೇಲೆ ಹುಡುಗ ಪಿಯಾನೋ, ಗಿಟಾರ್ ಕಡೆ ಹೊರಳಿದ. ಇವತ್ತಿಗೂ ಕಾರ್ಪೆಂಟರ್ ಅವರಿಗೆ ಸಂಗೀತದ ಸ್ವರಲಿಪಿ ಓದಲು, ಬರೆಯಲು ಬರುವುದಿಲ್ಲ. ಎಲ್ಲವೂ ಕಿವಿಯಿಂದ ಕಲಿತದ್ದು, ಕೈಯಿಂದ ನುಡಿಸಿದ್ದು.

ತಂದೆ ಕೊಟ್ಟ ಒಂದು ಪಾಠ ಮಾತ್ರ ಜನ್ಮಕ್ಕೆ ಅಂಟಿಕೊಂಡಿತು. ಹುಡುಗನಿಗೆ ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ ಅವರು ಬೋಂಗೋ ಎಂಬ ಜೋಡಿ ಡೋಲಿನ ಮೇಲೆ ಐದರ ತಾಳವನ್ನು ಬಾರಿಸಿ ತೋರಿಸಿದ್ದರು. ಇಂಗ್ಲಿಷ್ ಹಾಡುಗಳೆಲ್ಲ ಹೆಚ್ಚಾಗಿ ನಾಲ್ಕರ ಲೆಕ್ಕದಲ್ಲಿ ನಡೆಯುವಂಥವು. ಐದರ ಲೆಕ್ಕ ಅಲ್ಲಿನ ಕಿವಿಗೆ ಅಪರೂಪ. ಇದರ ವಿಷಯಕ್ಕೆ ಮುಂದೆ ಬರೋಣ.

ಇನ್ನೊಂದು ಪಾಠ ಟಾಕೀಸಿನಲ್ಲಿ ಸಿಕ್ಕಿತು. 1956ರಲ್ಲಿ ಬಂದ 'ಫರ್ಬಿಡನ್ ಪ್ಲಾನೆಟ್' ಸಿನಿಮಾದ ಸಂಗೀತದಲ್ಲಿ ಪಿಟೀಲೂ ಇರಲಿಲ್ಲ, ತುತ್ತೂರಿಯೂ ಇರಲಿಲ್ಲ. ಎಲ್ಲ ವಿದ್ಯುತ್ ಉಪಕರಣಗಳಿಂದ ಹೊರಡಿಸಿದ ವಿಚಿತ್ರ ಸದ್ದು. ಯಂತ್ರವೂ ಹೆದರಿಸಬಲ್ಲದು ಅನ್ನುವುದು ಬಾಲಕನ ತಲೆಗೆ ಆಗಲೇ ಹೋಯಿತು.

1968ರಲ್ಲಿ ಕಾರ್ಪೆಂಟರ್ ಸಿನಿಮಾ ಕಲಿಯಲು ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಗೆಳೆಯರ ಜೊತೆ ಸೇರಿ 1970ರಲ್ಲಿ ಮಾಡಿದ 'ದಿ ರೆಸರೆಕ್ಷನ್ ಆಫ್ ಬ್ರಾಂಕೋ ಬಿಲ್ಲಿ' ಎಂಬ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಕಾರ್ಪೆಂಟರ್ ಅದರ ಕಥೆಗೆ ಕೈಜೋಡಿಸಿದ್ದರು, ಎಡಿಟಿಂಗ್ ಮಾಡಿದ್ದರು, ಸಂಗೀತವನ್ನೂ ಕೊಟ್ಟಿದ್ದರು.

ದುಡ್ಡಿಲ್ಲದವರ ವಾದ್ಯ

ಮೊದಲ ಪೂರ್ಣ ಸಿನಿಮಾ 'ಡಾರ್ಕ್ ಸ್ಟಾರ್' 1974ರಲ್ಲಿ ಬಂತು. ವಿದ್ಯಾರ್ಥಿ ಚಿತ್ರವಾಗಿ ಶುರುವಾಗಿದ್ದನ್ನು ಸಹಪಾಠಿ ಡಾನ್ ಒಬ್ಯಾನನ್ ಜೊತೆ ಸೇರಿ ಎಳೆದು ಎಳೆದು ದೊಡ್ಡದು ಮಾಡಿದ್ದು. ಖರ್ಚು ಸುಮಾರು 60 ಸಾವಿರ ಡಾಲರ್. ಅನ್ಯಗ್ರಹದ ಜೀವಿ ಬೇಕಿತ್ತು, ದುಡ್ಡಿರಲಿಲ್ಲ. ಸಮುದ್ರ ತೀರದಲ್ಲಿ ಮಕ್ಕಳು ಆಡುವ ಗಾಳಿ ತುಂಬಿದ ದೊಡ್ಡ ಚೆಂಡಿಗೆ ಕಾಲು ಅಂಟಿಸಿ ಅದನ್ನೇ ಜೀವಿ ಅಂದರು. ಇದೇ ಒಬ್ಯಾನನ್ ಮುಂದೆ ಪ್ರಸಿದ್ಧ 'ಏಲಿಯನ್' ಸಿನಿಮಾದ ಚಿತ್ರಕಥೆ ಬರೆದರು.

ಎರಡನೆಯದು 1976ರ 'ಅಸಾಲ್ಟ್ ಆನ್ ಪ್ರಿಸಿಂಕ್ಟ್ 13'. ಬಂಡವಾಳ ಸುಮಾರು 1 ಲಕ್ಷ ಡಾಲರ್. ಮುಚ್ಚುವ ಹಂತದಲ್ಲಿರುವ ಪೊಲೀಸ್ ಠಾಣೆಗೆ ಪುಂಡರ ಗುಂಪು ಮುತ್ತಿಗೆ ಹಾಕುವ ಕಥೆ. ಅಮೆರಿಕದಲ್ಲಿ ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡಲಿಲ್ಲ. ಮರುವರ್ಷ ಲಂಡನ್ ಚಿತ್ರೋತ್ಸವದಲ್ಲಿ ಮಾತ್ರ ಭಾರೀ ಮೆಚ್ಚುಗೆ ಸಿಕ್ಕಿತು. ಹೊರಗಿನವರು ಹೊಗಳಿದ ಮೇಲೆ ಮನೆಯವರಿಗೆ ಕಣ್ಣು ಕಾಣುವ ಕಥೆ ಇವರ ಬದುಕಿನಲ್ಲಿ ಮುಂದೆಯೂ ನಡೆಯಿತು.

ಈ ಸಿನಿಮಾಗಳಿಗೆ ಕಾರ್ಪೆಂಟರ್ ಅವರೇ ಸಂಗೀತ ಕೊಟ್ಟಿದ್ದೇಕೆ? ಸಂಗೀತಗಾರರನ್ನು ಕರೆಸಲು ದುಡ್ಡಿರಲಿಲ್ಲ, ಅಷ್ಟೇ. ಆಗ ಹಾಲಿವುಡ್ಡಿನಲ್ಲಿ ಹಿನ್ನೆಲೆ ಸಂಗೀತ ಅಂದರೆ ಹತ್ತಾರು ವಾದ್ಯಗಾರರ ಮೇಳ. ಎಲ್ಲರಿಗೂ ಸಂಬಳ, ಸ್ಟುಡಿಯೋಕ್ಕೆ ಬಾಡಿಗೆ. ಅದೇ ಸಿಂಥಸೈಜರ್ ಇದ್ದರೆ ಒಬ್ಬನೇ ಸಾಕು. ಒಂದು ಪದರ ನುಡಿಸಿ ರೆಕಾರ್ಡ್ ಮಾಡುವುದು, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಒಬ್ಬನೇ ಕೂತು ಮೇಳದಷ್ಟು ಸದ್ದು ಮಾಡಬಹುದು.

ಹಾಗಂತ ಅದು ಈಗಿನ ಹಾಗೆ ಗುಂಡಿ ಒತ್ತಿದರೆ ನುಡಿಯುವ ಪೆಟ್ಟಿಗೆಯಲ್ಲ. ಬೇಕಾದ ಸದ್ದು ಬರುವ ತನಕ ಒಂದೊಂದನ್ನೂ ತಿರುಗಿಸಿ ಹೊಂದಿಸಬೇಕಿತ್ತು. ಶ್ರುತಿ ಪದೇ ಪದೇ ಜಾರುತ್ತಿತ್ತು. ಯಂತ್ರದ ಈ ಕೆಲಸಕ್ಕೆ ಡಾನ್ ವೈಮನ್ ಎಂಬ ತಜ್ಞರು ನೆರವಾದರು. ಇಂಥ ತಾಪತ್ರಯದ ನಡುವೆ ಉದ್ದುದ್ದ ರಾಗ ಕಟ್ಟುವುದು ಕಷ್ಟ. ಹಾಗಾಗಿ ಸಣ್ಣ ತುಣುಕು, ಅದನ್ನೇ ಮತ್ತೆ ಮತ್ತೆ ನುಡಿಸುವುದು, ಕೆಳಗೆ ಗುಂಯ್‌ಗುಡುವ ಒಂದು ಗಟ್ಟಿ ಸ್ವರ. ಅನಿವಾರ್ಯವೇ ಶೈಲಿಯಾಯಿತು.

ಎರಡು ಡಾಲರಿನ ಮುಖವಾಡ

'ಹ್ಯಾಲೋವೀನ್' ಸಿನಿಮಾಗೆ ದುಡ್ಡು ಹಾಕಿದವರು ಮುಸ್ತಫಾ ಅಕ್ಕಾದ್. ಬಂಡವಾಳ 3 ಲಕ್ಷ ಡಾಲರ್ ಚಿಲ್ಲರೆ. ಆಗ ಒಂದು ಡಾಲರಿಗೆ ಸುಮಾರು 8 ರೂಪಾಯಿ, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 25 ಲಕ್ಷ ರೂಪಾಯಿ. ಹಾಲಿವುಡ್ಡಿಗೆ ಇದು ಪುಡಿಗಾಸು. ಬರೆದು, ನಿರ್ದೇಶಿಸಿ, ಸಂಗೀತ ಕೊಡಲು ಕಾರ್ಪೆಂಟರ್ ತೆಗೆದುಕೊಂಡದ್ದು 10 ಸಾವಿರ ಡಾಲರ್ ಮತ್ತು ಲಾಭದಲ್ಲಿ ಒಂದು ಪಾಲು. ಬದಲಿಗೆ ಅವರು ಕೇಳಿದ್ದು ಎರಡು ವಿಷಯ. ಸಿನಿಮಾದಲ್ಲಿ ಯಾರೂ ಕೈಯಾಡಿಸಬಾರದು, ಮತ್ತು ಟೈಟಲ್ ಮೇಲೆ ತಮ್ಮ ಹೆಸರು ಬರಬೇಕು.

ಕಥೆಯನ್ನು ಜೊತೆಗೆ ಬರೆದು, ನಿರ್ಮಾಣದ ಹೊಣೆ ಹೊತ್ತವರು ಡೆಬ್ರಾ ಹಿಲ್. ಹುಡುಗಿಯರ ಮಾತುಕತೆ ಅಷ್ಟು ಸಹಜವಾಗಿ ಬಂದಿದ್ದು ಅವರ ಕೈಗುಣ. ಕಥೆ ನಡೆಯುವ ಊರು ಹ್ಯಾಡನ್‌ಫೀಲ್ಡ್, ಅದು ಡೆಬ್ರಾ ಅವರ ಸ್ವಂತ ಊರಿನ ಹೆಸರು. ಕಾರ್ಪೆಂಟರ್ ಹೆಸರಿನ ನೆರಳಿನಲ್ಲಿ ಈ ಹೆಣ್ಣುಮಗಳ ಪಾಲು ಮರೆಯಾಗಬಾರದು.

ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರಿಗೂ ಕಡಿಮೆಗೆ ಸಿಕ್ಕ ರಬ್ಬರ್ ಮುಖ. ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್'ನ ನಾಯಕನ ಮುಖ ಅದು. ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಭಾವವೇ ಇಲ್ಲದ ಆ ಬಿಳಿ ಮುಖ ಜಗತ್ತನ್ನೇ ಹೆದರಿಸಿತು. ಅದನ್ನು ಹಾಕಿಕೊಂಡು ನಡೆದಾಡಿದ್ದು ಕಾರ್ಪೆಂಟರ್ ಅವರ ಕಾಲೇಜು ಗೆಳೆಯ ನಿಕ್ ಕ್ಯಾಸಲ್, ದಿನಕ್ಕೆ 25 ಡಾಲರ್ ಕೂಲಿಗೆ. ಕಥೆ ನಡೆಯುವುದು ಎಲೆ ಉದುರುವ ಅಕ್ಟೋಬರ್ ತಿಂಗಳಲ್ಲಿ. ಶೂಟಿಂಗ್ ನಡೆದದ್ದು ಮರಗಳೆಲ್ಲ ಹಸಿರಾಗಿದ್ದ ವಸಂತದಲ್ಲಿ. ಕಾಗದದ ಎಲೆಗೆ ಬಣ್ಣ ಬಳಿದು ರಸ್ತೆಗೆ ಹರಡುತ್ತಿದ್ದರು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ಶಾಟ್‌ಗೆ ಒಯ್ಯುತ್ತಿದ್ದರು. ಸುಮಾರು 20 ದಿನದಲ್ಲಿ ಶೂಟಿಂಗ್ ಮುಗಿಯಿತು.

ಸಂಗೀತಕ್ಕೆ ಹಿಡಿದದ್ದು ಮೂರು ದಿನ. ಪರದೆ ನೋಡಿಕೊಂಡು ನುಡಿಸುವ ಸೌಕರ್ಯವೂ ಇರಲಿಲ್ಲ. ಸುಮ್ಮನೆ ತುಣುಕುಗಳನ್ನು ನುಡಿಸಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ದೃಶ್ಯಗಳಿಗೆ ಹೊಂದಿಸಿದರು. ಮುಖ್ಯ ರಾಗಕ್ಕೆ ಕಾರ್ಪೆಂಟರ್ ಹಿಡಿದದ್ದು ಅಪ್ಪ ಬೋಂಗೋ ಮೇಲೆ ಕಲಿಸಿದ್ದ ಅದೇ ಐದರ ತಾಳ.

ನೀವೇ ತೊಡೆ ತಟ್ಟಿ ನೋಡಿ. ಹತ್ತು ಬೇಗದ ಪೆಟ್ಟು. ಅದನ್ನು ಮೂರು, ಮೂರು, ಎರಡು, ಎರಡು ಅಂತ ಒಡೆಯಿರಿ. ತಕಿಟ, ತಕಿಟ, ತಕ, ತಕ. ನಿಲ್ಲಿಸದೆ ಮತ್ತೆ ತಕಿಟ, ತಕಿಟ, ತಕ, ತಕ. ನಮ್ಮ ಕಡೆ ಖಂಡ ಗತಿ ಕೇಳಿದವರಿಗೆ ಐದರ ಲೆಕ್ಕ ಹೊಸದಲ್ಲ. ಆದರೆ ನಾಲ್ಕಕ್ಕೆ ಒಗ್ಗಿದ ಕಿವಿಗೆ ಇದು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಯಾರೋ ಹಿಂದಿನಿಂದ ಬರುತ್ತಿದ್ದಾರೆ, ನಾವು ಎಷ್ಟು ಜೋರಾಗಿ ನಡೆದರೂ ಅವರು ಒಂದು ಹೆಜ್ಜೆ ಹತ್ತಿರವಾಗುತ್ತಲೇ ಇದ್ದಾರೆ ಅನ್ನುವ ಭಾವ ಬರುತ್ತದೆ. ಸಿನಿಮಾದಲ್ಲಿ ರಕ್ತ ಕಾಣುವುದೇ ಅಪರೂಪ. ಹೆದರಿಸುವುದು ಆ ತಾಳ.

ಟೈಟಲ್ ಕಾರ್ಡಿನಲ್ಲಿ ಸಂಗೀತ ನುಡಿಸಿದವರು 'ಬೌಲಿಂಗ್ ಗ್ರೀನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ' ಅಂತ ಬಂತು. ಅಂಥ ಮೇಳವೇ ಇರಲಿಲ್ಲ. ಕಾರ್ಪೆಂಟರ್ ತಮಗೂ ಜೊತೆಗಾರರಿಗೂ ತಮಾಷೆಗೆ ತಮ್ಮೂರಿನ ಹೆಸರಿಟ್ಟುಕೊಂಡಿದ್ದರು.

1978ರ ಅಕ್ಟೋಬರ್ 25ರಂದು ಕಾನ್ಸಾಸ್ ಸಿಟಿಯಲ್ಲಿ ಸಿನಿಮಾ ಬಿಡುಗಡೆಯಾಯಿತು. ದೊಡ್ಡ ಪ್ರಚಾರ ಇರಲಿಲ್ಲ, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಕೊನೆಗೆ ಗಳಿಸಿದ್ದು ಸುಮಾರು 7 ಕೋಟಿ ಡಾಲರ್. ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತೇವೆ, ಇದು ಕಾಸಿಗೆ ಮೀರಿದ ಕಜ್ಜಾಯ. 2006ರಲ್ಲಿ ಅಮೆರಿಕ ಸರ್ಕಾರ ಕಾಪಾಡಿ ಇಡಬೇಕಾದ ಸಿನಿಮಾಗಳ ರಾಷ್ಟ್ರೀಯ ಪಟ್ಟಿಗೆ ಇದನ್ನೂ ಸೇರಿಸಿತು.

ಒಳ್ಳೆಯ ಸಿನಿಮಾ, ಕೆಟ್ಟ ಕಾಲ

ಮುಂದಿನ ಎರಡು ಸಿನಿಮಾ, 1980ರ 'ದಿ ಫಾಗ್' ಮತ್ತು 1981ರ 'ಎಸ್ಕೇಪ್ ಫ್ರಮ್ ನ್ಯೂಯಾರ್ಕ್', ಚೆನ್ನಾಗಿ ಓಡಿದವು. ಎರಡನೆಯದರಿಂದ ಅಲನ್ ಹೋವಾರ್ತ್ ಎಂಬ ಸಂಗೀತ ತಂತ್ರಜ್ಞ ಜೊತೆಯಾದರು. ಈಗ ಪರದೆ ನೋಡುತ್ತಾ ನುಡಿಸುವ ಅನುಕೂಲವೂ ಬಂತು.

ಆಗ ಯೂನಿವರ್ಸಲ್ ಸ್ಟುಡಿಯೋ ಕರೆಯಿತು. 1.5 ಕೋಟಿ ಡಾಲರ್ ಬಂಡವಾಳದ 'ದಿ ಥಿಂಗ್'. ದಕ್ಷಿಣ ಧ್ರುವದ ಹಿಮದಲ್ಲಿ ಸಿಕ್ಕಿಕೊಂಡ 12 ಗಂಡಸರು. ಅವರ ನಡುವೆ ಹೊರಗಿನಿಂದ ಬಂದ ಒಂದು ಜೀವಿ. ಅದು ಯಾರ ರೂಪ ಬೇಕಾದರೂ ತಾಳಬಲ್ಲದು. ಪಕ್ಕದಲ್ಲಿ ಕೂತವನು ಗೆಳೆಯನೋ, ಆ ಜೀವಿಯೋ ಗೊತ್ತಿಲ್ಲ. ನಂಬಿಕೆ ಸತ್ತರೆ ಮನುಷ್ಯರು ಏನಾಗುತ್ತಾರೆ ಅನ್ನುವುದೇ ಕಥೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ರಾಬ್ ಬಾಟಿನ್ ಎಂಬ ಇಪ್ಪತ್ತೆರಡರ ಹುಡುಗ ರಬ್ಬರ್, ರಾಸಾಯನಿಕ, ಯಂತ್ರಗಳಿಂದ ಆ ಜೀವಿಯ ವಿಕಾರಗಳನ್ನು ಕಟ್ಟಿದ. ಇವತ್ತಿಗೂ ನೋಡಿದರೆ ಮೈ ಜುಮ್ಮೆನ್ನುತ್ತದೆ.

ದೊಡ್ಡ ಬಂಡವಾಳ ಬಂದಾಗ ಸಂಗೀತ ಬೇರೆಯವರ ಕೈಗೆ ಹೋಯಿತು. ಇಟಲಿಯ ಮಹಾನ್ ಸಂಗೀತಗಾರ ಎನ್ನಿಯೋ ಮೊರಿಕೋನೆ ಬಂದರು. ಅವರು ಬೇರೆ ಬೇರೆ ಬಗೆಯ ಸಂಗೀತ ಬರೆದುಕೊಟ್ಟರು. ಸಿನಿಮಾದಲ್ಲಿ ಎದ್ದು ಕಾಣುವುದು ಅದರಲ್ಲಿ ಕಾರ್ಪೆಂಟರ್ ಶೈಲಿಗೆ ಹತ್ತಿರವಾದ, ಎದೆಬಡಿತದಂಥ ತುಣುಕು.

1982ರ ಜೂನ್ 25ರಂದು 'ದಿ ಥಿಂಗ್' ಬಿಡುಗಡೆಯಾಯಿತು. ಎರಡು ವಾರ ಮೊದಲು ಸ್ಪೀಲ್‌ಬರ್ಗ್ ಅವರ 'ಇ.ಟಿ.' ಬಂದಿತ್ತು. ಅದರಲ್ಲಿ ಅನ್ಯಗ್ರಹದ ಜೀವಿ ಮಕ್ಕಳ ಮುದ್ದಿನ ಗೆಳೆಯ. ಜನ ಅತ್ತು, ನಕ್ಕು, ಅದನ್ನು ತಬ್ಬಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಮನುಷ್ಯರನ್ನು ನುಂಗುವ ಜೀವಿ ಯಾರಿಗೆ ಬೇಕು? ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದರು. ಅಮೆರಿಕದಲ್ಲಿ ಗಳಿಕೆ 2 ಕೋಟಿ ಡಾಲರನ್ನೂ ಮುಟ್ಟಲಿಲ್ಲ. ಟಾಕೀಸಿನವರ ಪಾಲು ಕಳೆದರೆ ಸ್ಟುಡಿಯೋಕ್ಕೆ ನಷ್ಟವೇ. ಮೊರಿಕೋನೆ ಅವರ ಸಂಗೀತವನ್ನು ವರ್ಷದ ಕೆಟ್ಟ ಸಂಗೀತಗಳ ಪಟ್ಟಿಗೆ ಸೇರಿಸಿ ಲೇವಡಿ ಮಾಡಿದರು.

ಪೆಟ್ಟು ಬಿದ್ದದ್ದು ಹೊಟ್ಟೆಗೆ. ಯೂನಿವರ್ಸಲ್‌ನಲ್ಲಿ ಕಾರ್ಪೆಂಟರ್ ಮುಂದೆ ಮಾಡಬೇಕಿದ್ದ 'ಫೈರ್‌ಸ್ಟಾರ್ಟರ್' ಎಂಬ ಸಿನಿಮಾ ಅವರ ಕೈತಪ್ಪಿತು.

ತೀರ್ಪು ಬದಲಿಸಿದ ಕ್ಯಾಸೆಟ್

'ಕಲ್ಟ್ ಸಿನಿಮಾ' ಅನ್ನುವ ಮಾತು ನೀವು ಕೇಳಿರಬಹುದು. ಸಾಮಾನ್ಯವಾಗಿ, ಎಲ್ಲರಿಗೂ ಹಿಡಿಸದಿದ್ದರೂ ಹಿಡಿಸಿದವರಿಗೆ ಹುಚ್ಚು ಹಿಡಿಸುವ ಸಿನಿಮಾ ಅಂತ ಅರ್ಥ. ಬಿಡುಗಡೆಯಾದಾಗ ತೋಪಾಗಿ ಆಮೇಲೆ ಮೇಲೆದ್ದವೇ ಇದರಲ್ಲಿ ಹೆಚ್ಚು. 'ದಿ ಥಿಂಗ್' ಅದಕ್ಕೆ ಒಳ್ಳೆಯ ಉದಾಹರಣೆ. ವಿಡಿಯೋ ಕ್ಯಾಸೆಟ್ಟಿನಲ್ಲಿ, ಟಿವಿಯಲ್ಲಿ ಜನ ಅದನ್ನು ಮತ್ತೆ ನೋಡಿದರು, ಗೆಳೆಯರಿಗೆ ತೋರಿಸಿದರು. ಹೊಸ ತಲೆಮಾರಿನ ನಿರ್ದೇಶಕರು ಅದನ್ನು ನೋಡಿಯೇ ಬೆಳೆದರು. ಇಂದು ಹಾರರ್ ಸಿನಿಮಾಗಳ ಯಾವ ಪಟ್ಟಿ ತೆಗೆದರೂ ಅದರ ಹೆಸರು ಮೇಲಿರುತ್ತದೆ. ಲೇವಡಿಗೆ ಗುರಿಯಾದ ಸಂಗೀತದ ಕಥೆ ಇನ್ನೂ ಸೊಗಸು. ಅದಕ್ಕಾಗಿ ಬರೆದು ಬಳಸದೆ ಉಳಿದಿದ್ದ ಕೆಲವು ತುಣುಕುಗಳನ್ನು ಕ್ವೆಂಟಿನ್ ಟ್ಯಾರಂಟಿನೋ ಅವರ 'ದಿ ಹೇಟ್‌ಫುಲ್ ಏಯ್ಟ್' ಸಿನಿಮಾದಲ್ಲಿ ಬಳಸಿದರು. ಆ ಸಿನಿಮಾದ ಸಂಗೀತಕ್ಕೆ 2016ರಲ್ಲಿ ಮೊರಿಕೋನೆ ಆಸ್ಕರ್ ಪಡೆದರು.

ಆದರೆ ಇದೆಲ್ಲ ಆದದ್ದು ತಡವಾಗಿ. ಆ ಹೊತ್ತಿಗೆ ಕಾರ್ಪೆಂಟರ್ ಬದುಕು ನಡೆಸಬೇಕಿತ್ತು. 1983ರಲ್ಲಿ ದೆವ್ವ ಹಿಡಿದ ಕಾರಿನ ಕಥೆ 'ಕ್ರಿಸ್ಟೀನ್' ಮಾಡಿದರು. 1984ರಲ್ಲಿ 'ಸ್ಟಾರ್‌ಮ್ಯಾನ್' ಎಂಬ ಮೃದುವಾದ ಪ್ರೇಮಕಥೆ ಮಾಡಿದರು. ಅದರ ನಾಯಕ ಜೆಫ್ ಬ್ರಿಜಸ್ ಅವರಿಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. 1986ರ 'ಬಿಗ್ ಟ್ರಬಲ್ ಇನ್ ಲಿಟಲ್ ಚೈನಾ' ಮತ್ತೆ ಕೈ ಸುಟ್ಟಿತು. ಖರ್ಚು 2 ಕೋಟಿ ಡಾಲರ್ ಆಸುಪಾಸು, ಗಳಿಕೆ ಅದರ ಅರ್ಧದಷ್ಟು. ಇದೂ ಆಮೇಲೆ ಕಲ್ಟ್ ಆಯಿತು ಅನ್ನಿ.

ದೊಡ್ಡ ಸ್ಟುಡಿಯೋಗಳ ಸಹವಾಸ ಸಾಕಾಗಿ ಕಾರ್ಪೆಂಟರ್ ಮತ್ತೆ ಸಣ್ಣ ಬಂಡವಾಳಕ್ಕೆ ಮರಳಿದರು. ಒಂದೊಂದು ಸಿನಿಮಾಗೆ ಸುಮಾರು 30 ಲಕ್ಷ ಡಾಲರ್, ಪೂರ್ತಿ ಸ್ವಾತಂತ್ರ್ಯ. ಹಾಗೆ ಬಂದವು 1987ರ 'ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಮತ್ತು 1988ರ 'ದೇ ಲಿವ್'. ಎರಡನೆಯದರಲ್ಲಿ ಕೆಲಸ ಹುಡುಕಿ ಊರಿಗೆ ಬಂದ ಕೂಲಿಕಾರನಿಗೆ ಒಂದು ಕಪ್ಪು ಕನ್ನಡಕ ಸಿಗುತ್ತದೆ. ಹಾಕಿಕೊಂಡರೆ ಜಾಹೀರಾತಿನ ಬೋರ್ಡುಗಳ ಹಿಂದಿನ ನಿಜ ಕಾಣುತ್ತದೆ. ಬಣ್ಣದ ಚಿತ್ರದ ಜಾಗದಲ್ಲಿ ವಿಧೇಯನಾಗಿರು, ಕೊಂಡುಕೊ, ಮಲಗಿರು ಎಂಬ ಕಪ್ಪು ಬಿಳುಪಿನ ಅಪ್ಪಣೆಗಳು. ಅಧ್ಯಕ್ಷ ರೇಗನ್ ಕಾಲದ ದುಡ್ಡಿನ ಹಪಾಹಪಿಯ ಮೇಲಿನ ಸಿಟ್ಟು ಅದು. ಫೋನ್ ತೆರೆದ ಕೂಡಲೇ ಜಾಹೀರಾತು ಮುತ್ತುವ ಈ ದಿನಗಳಲ್ಲಿ ಆ ಕನ್ನಡಕದ ಅರ್ಥ ನಮಗೆ ಬಿಡಿಸಿ ಹೇಳಬೇಕಿಲ್ಲ.

ವಿಡಿಯೋ ಗೇಮ್, ಮಗ ಮತ್ತು ಕೀಬೋರ್ಡ್

ತೊಂಬತ್ತರ ದಶಕದಲ್ಲಿ ಸಿನಿಮಾಗಳು ಬಂದವು, ಆದರೆ ಹಳೆಯ ಬಿಸಿ ಇರಲಿಲ್ಲ. 2001ರ 'ಗೋಸ್ಟ್ಸ್ ಆಫ್ ಮಾರ್ಸ್' ದೊಡ್ಡ ಸೋಲು ಕಂಡಿತು. ಕಾರ್ಪೆಂಟರ್ ದಣಿದಿದ್ದರು. 2010ರ 'ದಿ ವಾರ್ಡ್' ಬಿಟ್ಟರೆ ಆಮೇಲೆ ಚಿತ್ರಮಂದಿರಕ್ಕೆ ಸಿನಿಮಾ ನಿರ್ದೇಶಿಸಲಿಲ್ಲ. ಅವರ ಹಳೆಯ ಸಿನಿಮಾಗಳನ್ನು ಬೇರೆಯವರು ಮತ್ತೆ ಮಾಡುತ್ತಿದ್ದರು. ತಾನು ಕೈ ಚಾಚಿದರೆ ಸಾಕು, ಚೆಕ್ ಬಂದು ಬೀಳುತ್ತದೆ ಎಂದು ಅವರು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವುದು, ವಿಡಿಯೋ ಗೇಮ್ ಆಡುವುದು.

ಗೇಮ್ ಆಡುವ ಜೊತೆಗಾರ ಮಗ ಕೋಡಿ. ಇಬ್ಬರೂ ಒಂದಷ್ಟು ಹೊತ್ತು ಗೇಮ್ ಆಡುವುದು, ಆಮೇಲೆ ಕೆಳಗಿಳಿದು ಹೋಗಿ ಕೀಬೋರ್ಡ್ ಮೇಲೆ ಏನಾದರೂ ನುಡಿಸಿ ರೆಕಾರ್ಡ್ ಮಾಡುವುದು, ಮತ್ತೆ ಗೇಮ್. ಹೀಗೆ ಸುಮಾರು ಒಂದು ಗಂಟೆಯ ಸಂಗೀತ ಕೂಡಿತು. ಯಾವ ಸಿನಿಮಾಗೂ ಅಲ್ಲ, ಯಾರ ಗಡುವೂ ಇಲ್ಲ. ವಕೀಲರೊಬ್ಬರು ಹೊಸದೇನಾದರೂ ಇದೆಯೇ ಅಂತ ಕೇಳಿದಾಗ ಅದನ್ನೇ ಕಳಿಸಿದರು. ಗೆಳೆಯನ ಮಗ ಡೇನಿಯಲ್ ಡೇವಿಸ್ ಗಿಟಾರ್ ಹಿಡಿದು ಸೇರಿಕೊಂಡರು. 2015ರ ಫೆಬ್ರವರಿಯಲ್ಲಿ 'ಲಾಸ್ಟ್ ಥೀಮ್ಸ್' ಎಂಬ ಆಲ್ಬಮ್ ಬಂತು. ಆಗ ಕಾರ್ಪೆಂಟರ್ ಅವರಿಗೆ 67.

ಆಲ್ಬಮ್ ಗೆದ್ದಿತು. 2016ರಲ್ಲಿ ಎರಡನೆಯ ಆಲ್ಬಮ್ ಬಂತು, ಮಗನ ಜೊತೆ ಊರೂರು ಸುತ್ತುವ ಸಂಗೀತ ಕಛೇರಿಗಳೂ ಶುರುವಾದವು. ಹಿಂದೆ ಪರದೆ ಮೇಲೆ ಹಳೆಯ ಸಿನಿಮಾದ ದೃಶ್ಯ, ಮುಂದೆ ಬಿಳಿ ಕೂದಲಿನ ಅಜ್ಜ ಕೀಬೋರ್ಡ್ ನುಡಿಸುತ್ತಾ ನಿಂತಿರುತ್ತಿದ್ದರು. ಕೆಳಗೆ ಜನ ಕುಣಿಯುತ್ತಿದ್ದರು. 2018ರಲ್ಲಿ ಬೇರೆ ನಿರ್ದೇಶಕರು ಹೊಸ 'ಹ್ಯಾಲೋವೀನ್' ಮಾಡಿದಾಗ ಸಂಗೀತ ಕೊಟ್ಟವರು ಅಪ್ಪ, ಮಗ, ಡೇನಿಯಲ್ ಮೂವರೂ. ಅದೇ ತಕಿಟ ತಕಿಟ ತಕ ತಕ, ನಲವತ್ತು ವರ್ಷದ ನಂತರ. 2019ರಲ್ಲಿ ಕಾನ್ ಚಿತ್ರೋತ್ಸವದ ವೇಳೆ ಫ್ರೆಂಚ್ ನಿರ್ದೇಶಕರ ಸಂಘ ಅವರಿಗೆ 'ಗೋಲ್ಡನ್ ಕೋಚ್' ಗೌರವ ನೀಡಿತು. 2025ರ ಏಪ್ರಿಲ್‌ನಲ್ಲಿ ಹಾಲಿವುಡ್ಡಿನ ಪಾದಚಾರಿ ದಾರಿಯಲ್ಲಿ ಅವರ ಹೆಸರಿನ ನಕ್ಷತ್ರ ಕೂತಿತು.

ಇನ್ನೊಂದು ವಿಷಯ. 1982ರ ಸೋಲಿನ ನಂತರ ಕೈತಪ್ಪಿದ್ದ 'ಫೈರ್‌ಸ್ಟಾರ್ಟರ್' ನೆನಪಿದೆಯಲ್ಲ? 2022ರಲ್ಲಿ ಅದೇ ಯೂನಿವರ್ಸಲ್ ಆ ಕಥೆಯನ್ನು ಹೊಸದಾಗಿ ಬಿಡುಗಡೆ ಮಾಡಿತು. ಸಂಗೀತ ಯಾರದ್ದು? ಜಾನ್ ಕಾರ್ಪೆಂಟರ್, ಕೋಡಿ, ಡೇನಿಯಲ್. ಸಿನಿಮಾ ಮಾಡಲು ಬೇಡವಾಗಿದ್ದ ವ್ಯಕ್ತಿ ನಲವತ್ತು ವರ್ಷದ ಮೇಲೆ ಕೀಬೋರ್ಡ್ ಹಿಡಿದು ಅದೇ ಬಾಗಿಲಿನಿಂದ ಒಳಗೆ ಬಂದರು.

ಇದನ್ನು ಛಲದ ಕಥೆ ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಲೆಕ್ಕ ಸರಿಯಾಗಿ ನೋಡಿದರೆ ಕಾಣುವುದು ಬೇರೆ. ಸಿನಿಮಾ ಮಾಡಲು ಬಂಡವಾಳ ಬೇಕು, ಸ್ಟುಡಿಯೋ ಬೇಕು, ನೂರಾರು ಜನ ಬೇಕು. ಅವರಲ್ಲಿ ಯಾರು ಬೇಡ ಅಂದರೂ ಕೆಲಸ ನಿಲ್ಲುತ್ತದೆ. ಕಾರ್ಪೆಂಟರ್ ಅವರಿಗೆ ಹಾಗೆಯೇ ಆಯಿತು. ಸಂಗೀತಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಒಂದು ಕೋಣೆ ಮತ್ತು ಎರಡು ಕೈ ಸಾಕಿತ್ತು. ಬಡತನದಲ್ಲಿ ಕಲಿತ ಆ ಕೆಲಸವನ್ನು ಅವರು ಬಿಡದೆ ಉಳಿಸಿಕೊಂಡದ್ದರಿಂದ ಅದು ಅವರನ್ನು ಉಳಿಸಿತು. ಫೋನಿನಲ್ಲೇ ಕಿರುಚಿತ್ರ ಮಾಡುತ್ತಿರುವ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಬಹುದು. ಮೊದಲ ತೀರ್ಪೇ ಕೊನೆಯ ತೀರ್ಪಲ್ಲ ಅನ್ನುವುದನ್ನೂ ಕೂಡ.

ಕಾರ್ಪೆಂಟರ್ ಸಿನಿಮಾ ನೋಡಬೇಕು ಅನ್ನಿಸಿದರೆ 'ಹ್ಯಾಲೋವೀನ್'ನಿಂದ ಶುರು ಮಾಡಿ, ಆಮೇಲೆ 'ದಿ ಥಿಂಗ್'. ಮಕ್ಕಳು ಮಲಗಿದ ಮೇಲೆ ನೋಡಿ, ಇವು ಅವರಿಗಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ತೀರಾ ಭಯವಾದಾಗ ಒಮ್ಮೆ ಸದ್ದು ಬಂದ್ ಮಾಡಿ ಅದೇ ದೃಶ್ಯವನ್ನು ಮತ್ತೆ ನೋಡಿ. ಅರ್ಧ ದೆವ್ವ ಅಲ್ಲೇ ಮಾಯವಾಗುತ್ತದೆ.